ಇಪ್ಪತ್ತೊಂದು ಗುಲಗಂಜಿ ತೂಕದ ವಾದ

ಮೊನ್ನೆ ಭಾನುವಾರ ವಾಷಿಂಗ್ ಮಷೀನಿನ ಹೊಟ್ಟೆಯೊಳಗಿಂದ ಟಿಣ್ ಟಿಣ್ ಎಂದು ಸದ್ದು ಬರತೊಡಗಿತು. ಅಮೆರಿಕದ ಕ್ಲಾರ್ಕ್ಸ್‌ಬರ್ಗಿನಲ್ಲಿರುವ ನನ್ನ ಬಾಡಿಗೆ ಮನೆಯ ಗೋಡೆಗಳು ಎಷ್ಟು ತೆಳುವೆಂದರೆ ಪಕ್ಕದ ಮನೆಯವರು ಸೀನಿದರೆ ನಾನು ಇಲ್ಲಿಂದಲೇ ಚಿರಂಜೀವಿ ಎನ್ನಬಹುದು. ಅವರು ಬಂದು ಬಾಗಿಲು ತಟ್ಟುವ ಮೊದಲೇ ಮಷೀನು ನಿಲ್ಲಿಸಿ, ಒದ್ದೆ ಬಟ್ಟೆಗಳ ನಡುವೆ ಕೈಯಾಡಿಸಿದೆ. ಚಿಲ್ಲರೆ ಕಾಸಿರಬೇಕು ಎಂದುಕೊಂಡಿದ್ದೆ. ಸಿಕ್ಕಿದ್ದು ಹಿತ್ತಾಳೆಯ ಪುಟ್ಟ ಕೊಳವೆ. ಕಿರುಬೆರಳಿನ ಅರ್ಧದಷ್ಟೂ ಉದ್ದವಿಲ್ಲ. ಒಂದು ತುದಿ ಬಾಯಿ ತೆರೆದಿದೆ, ಇನ್ನೊಂದು ತುದಿಯ ಅಂಚಿನಲ್ಲಿ ಮೊಳೆಯಿಂದ ಕುಟ್ಟಿದಂಥ ಸಣ್ಣ ಗಾಯ. ಖಾಲಿ ತೋಟಾ. ಹೀಗೆ ಅಂಚಿಗೆ ಏಟು ಬಿದ್ದರೆ ಸಿಡಿಯುವ ಜಾತಿಗೆ ರಿಮ್‌ಫೈರ್ ಎಂದು ಹೆಸರು. ಬಳಸುವವರ ಬಾಯಲ್ಲಿ ಬರೀ ಟ್ವೆಂಟಿಟು. ಬಂದೂಕುಗಳ ವಂಶದಲ್ಲಿ ಇದು ಕೊನೆಯ ಕೂಸು. ಅಳಿಲು, ಮೊಲ, ತಗಡಿನ ಡಬ್ಬಿ, ಇಷ್ಟೇ ಇದರ ಸಾಮ್ರಾಜ್ಯ.

ಅದನ್ನು ಕೈಯಲ್ಲಿ ಹಿಡಿದ ಕೂಡಲೇ, ತಣ್ಣಗಾಗಿದೆ ಎಂದುಕೊಂಡಿದ್ದ ನನ್ನ ಸಿಟ್ಟೆಲ್ಲ ಮತ್ತೆ ಮೇಲೆದ್ದಿತು.

ಸಿಟ್ಟು ತೋಟಾದ ಮೇಲಲ್ಲ, ತೂಕದ ಮೇಲೆ. ಈ ಕೊಳವೆಯ ಬಾಯಲ್ಲಿ ಒಂದು ಸೀಸದ ಗುಂಡು ಕೂತಿತ್ತು. ಅದರ ತೂಕ ನಲವತ್ತು ಗ್ರೇನು. ಗ್ರೇನು ಎಂದರೆ ಎಷ್ಟು ಎಂದು ನೀವು ಕೇಳುತ್ತೀರಿ, ನಾನೂ ಕೇಳಿದ್ದೆ. ಕೇಳಿದವರೆಲ್ಲ ಕಕ್ಕಾಬಿಕ್ಕಿಯಾದರು. ಕೊನೆಗೆ ನಾನೇ ಲೆಕ್ಕ ಹಾಕಿದೆ: ನಲವತ್ತು ಗ್ರೇನು ಎಂದರೆ ಹೆಚ್ಚುಕಡಿಮೆ ಇಪ್ಪತ್ತೊಂದು ಗುಲಗಂಜಿ. ಗುಲಗಂಜಿಯ ಲೆಕ್ಕ ನನಗೆ ಅರ್ಥವಾಗುತ್ತದೆ. ಮೈಸೂರಿನಲ್ಲಿ ನಮ್ಮ ಅಜ್ಜಿ ಓಲೆ ಮುರಿಸಿ ಓಲೆ ಮಾಡಿಸಲು ಅಕ್ಕಸಾಲಿಯ ಹತ್ತಿರ ಹೋಗುವಾಗ ನನ್ನನ್ನು ಸಾಕ್ಷಿಗೆಂದು ಕರೆದೊಯ್ಯುತ್ತಿದ್ದಳು. ಆತನ ಪುಟ್ಟ ತಕ್ಕಡಿಯಲ್ಲಿ ಕೆಂಪು ಕಾಳು, ಕಪ್ಪು ಮಚ್ಚೆ. ಅಜ್ಜಿ ಬಗ್ಗಿ ನೋಡಿ, ನಿನ್ನ ಗುಲಗಂಜಿಗಳು ಊಟ ಮಾಡಿ ಬಂದಿವೆ, ನನ್ನ ಮನೆಯ ಗುಲಗಂಜಿ ಇಷ್ಟು ದಪ್ಪವಿಲ್ಲ ಎಂದು ಸೀರೆಯ ಸೆರಗಿನಿಂದ ತನ್ನದೇ ಕಾಳು ಬಿಚ್ಚುತ್ತಿದ್ದಳು. ಯಾರ ಮಾತನ್ನೂ ನಂಬದೆ ತನ್ನ ಕಾಳಿನಿಂದಲೇ ತೂಗಿ ನೋಡುವ ಆ ಗುಣ ನನಗೆ ಅಲ್ಲಿಂದಲೇ ಬಂದಿರಬೇಕು. ಓಲೆ ಮಾತ್ರ ಬರಲಿಲ್ಲ, ಅದು ಚಿಕ್ಕಮ್ಮನ ಪಾಲಾಯಿತು.

ಸರಸ್ವತಿಪುರದ ಹುಡುಗಿ, ಈರುಳ್ಳಿ ಹೆಚ್ಚಿದ ಚಾಕುವನ್ನೂ ದೇವರ ಮನೆಯ ಕಡೆ ತರದ ಮನೆಯವಳು, ರಾಕ್‌ವಿಲ್ಲಿನ ಔಷಧದ ಕಂಪನಿಯಲ್ಲಿ ಅಂಕಿ ಅಂಶ ನೋಡುವವಳು, ಇವಳ ಪ್ಯಾಂಟಿನ ಜೇಬಿನಲ್ಲಿ ತೋಟಾ ಹೇಗೆ ಬಂತು? ಬಂದದ್ದು ಅಮ್ಮನಿಂದ.

ನಡೆದದ್ದಿಷ್ಟು. ಹೋದ ವರ್ಷ ಅಮ್ಮನ ಜೊತೆ ವಿಡಿಯೋದಲ್ಲಿ ಮಾತಾಡುತ್ತ ಅಡುಗೆ ಮಾಡುತ್ತಿದ್ದೆ. ಅಮ್ಮನ ಕಣ್ಣು ಕಟ್ಟೆಯ ಮೇಲಿದ್ದ ಪೊಟ್ಟಣದ ಮೇಲೆ ಬಿತ್ತು. ಪ್ಲಾಸ್ಟಿಕ್ಕಿನೊಳಗೆ ಅದೇನೇ ಅದು ಗುಲಾಬಿ ಬಣ್ಣ ಎಂದಳು. ಚಿಕನ್ ಎಂದೆ. ಹೇಳುವಾಗಲೇ ಮನಸ್ಸಿನೊಳಗೆ ಟೊಂಕ ಕಟ್ಟಿ ನಿಂತಿದ್ದೆ. ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರಕ್ಕೂ ನಾನೇ, ವಿರೋಧಕ್ಕೂ ನಾನೇ ಎಂಬಂತೆ ಬೆಳೆದವಳು. ವಿಷಯ ಚೀಟಿ ಎತ್ತಿದ ಮೇಲೆ ಯಾವ ಕಡೆ ನಿಲ್ಲಿಸಿದರೂ ಗೆದ್ದು ಪಾರಿತೋಷಕ ತರುತ್ತಿದ್ದೆ. ಈಗಲೂ ಅಮ್ಮ ಅವುಗಳಲ್ಲಿ ಒಂದರಲ್ಲಿ ಬಟ್ಟೆ ಕ್ಲಿಪ್ಪು ಇಡುತ್ತಾಳೆ. ಪ್ರೋಟೀನಿನ ವಾದ ಸಿದ್ಧವಿತ್ತು. ಹಾಲು ಕುಡಿಯುವವರ ಅಹಿಂಸೆಯ ವಾದ ಸಿದ್ಧವಿತ್ತು. ರೇಷ್ಮೆ ಸೀರೆಯ ವಾದವನ್ನಂತೂ ಅಮ್ಮನ ಮದುವೆ ಫೋಟೋ ಸಮೇತ ಇಟ್ಟುಕೊಂಡಿದ್ದೆ. ಅಮ್ಮ ಅದ್ಯಾವುದಕ್ಕೂ ಅವಕಾಶ ಕೊಡಲಿಲ್ಲ.

"ತಿನ್ನು, ನಾನೇನು ಬೇಡ ಅನ್ನಲ್ಲ" ಎಂದಳು. "ಒಂದೇ ಒಂದು ಕೇಳ್ತೀನಿ. ನೀನೇ ಕೊಲ್ಲಬೇಕು ಅಂದ್ರೆ ಕೊಲ್ತೀಯಾ?"

ನೆಟ್‌ವರ್ಕ್ ಸರಿಯಿಲ್ಲ ಎಂದು ಫೋನಿಟ್ಟೆ.

ಚರ್ಚೆಯ ನಿಯಮ ನಿಮಗೆ ಗೊತ್ತಿರಲಿ: ಎದುರಾಳಿಯ ಮಾತಿಗೆ ಉತ್ತರ ಕೊಡದಿದ್ದರೆ ಅದನ್ನು ಒಪ್ಪಿದಂತೆ. ತೀರ್ಪುಗಾರರು ಕಾಗದದಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಇಲ್ಲಿ ತೀರ್ಪುಗಾರರೂ ನಾನೇ, ಹಾಗಾಗಿ ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ಒಂದು ಪ್ರಾಣಿಯನ್ನು ನನ್ನ ಕೈಯಾರೆ, ಅದಕ್ಕೆ ನರಳಾಟವಿಲ್ಲದಂತೆ ಕೊಲ್ಲಬೇಕು. ಆಗದಿದ್ದರೆ ಮಾಂಸ ಬಿಡಬೇಕು. ಅಲ್ಲಿಯವರೆಗೆ ತಿನ್ನುವಂತಿಲ್ಲ. ಆ ಪೊಟ್ಟಣವನ್ನು ಹಾಗೇ ಫ್ರೀಜರಿಗೆ ಹಾಕಿ ಬಾಗಿಲು ಮುಚ್ಚಿದೆ.

ಅಮ್ಮನ ಈ ಸ್ವಭಾವ ನನಗೆ ಮೊದಲೇ ತಿಳಿದಿರಬೇಕಿತ್ತು. ನಾನು ಚಿಕ್ಕವಳಿದ್ದಾಗ ದಸರಾ ವಸ್ತುಪ್ರದರ್ಶನದಲ್ಲಿ ಬಲೂನಿಗೆ ಗುರಿಯಿಡುವ ಅಂಗಡಿಗೆ ಹೋಗುವುದು ಪ್ರತಿವರ್ಷದ ಪದ್ಧತಿ. ಹಪ್ಪಳ ತಿಂದ ಎಣ್ಣೆ ಕೈಯಲ್ಲೇ ಅಪ್ಪ ಏರ್‌ಗನ್ ಎತ್ತಿ ಒಂದರ ಮೇಲೊಂದು ಗುರಿ ತಪ್ಪಿಸುತ್ತಿದ್ದ. ತಪ್ಪಿದ ಪ್ರತಿ ಗುಂಡಿಗೂ ಒಂದು ವಿವರಣೆ: ನಳಿಕೆ ಸೊಟ್ಟ, ಸ್ಪ್ರಿಂಗು ಸಡಿಲ, ಬಲೂನಿಗೆ ಗಾಳಿ ಕಡಿಮೆ, ಹಿಂದಿನಿಂದ ಜನ ತಳ್ಳುತ್ತಿದ್ದಾರೆ. ಒಂದು ವರ್ಷ ಅಮ್ಮ ನನ್ನ ಕೈಗೆ ಹಪ್ಪಳ ಕೊಟ್ಟು, ಅಪ್ಪನ ಕೈಯಿಂದ ಬಂದೂಕು ತೆಗೆದುಕೊಂಡಳು. ಅಷ್ಟು ಹೊತ್ತೂ ಅವಳು ಅಪ್ಪನ ಮುಖ ನೋಡಿರಲಿಲ್ಲ, ಗುಂಡು ಬೀಳುವ ಜಾಗ ನೋಡುತ್ತಿದ್ದಳು. ನೀಲಿ ಬಲೂನಿನಿಂದ ಒಂದು ಗೇಣು ಬಲಕ್ಕೆ ಗುರಿಯಿಟ್ಟಳು. ನೀಲಿ ಬಲೂನು ಒಡೆಯಿತು. ಬಂದೂಕು ವಾಪಸು ಕೊಟ್ಟು, ಹಪ್ಪಳ ತೆಗೆದುಕೊಂಡು, ಮುಂದಿನ ಅಂಗಡಿಯ ಕಡೆ ನಡೆದಳು. ಆ ವಿಷಯ ನಮ್ಮ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ಅಪ್ಪನಂತೂ ಖಂಡಿತ ಎತ್ತಲಿಲ್ಲ.

ಸರಿ, ಕೊಲ್ಲುವುದು ಎಂದು ನಿಶ್ಚಯಿಸಿದೆನಲ್ಲ. ಮೊದಲು ಕಾನೂನು ಓದಿದೆ. ನಾನು ಇಲ್ಲಿರುವುದು ವರ್ಕ್ ವೀಸಾದ ಮೇಲೆ. ವೀಸಾದ ಮೇಲಿರುವವರು ಈ ದೇಶದಲ್ಲಿ ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಆದರೆ ಬೇಟೆಯ ಲೈಸೆನ್ಸ್ ಇದ್ದರೆ ಇಟ್ಟುಕೊಳ್ಳಬಹುದು. ಇದನ್ನು ನಾನು ಮೂರು ಸಲ ಓದಿದೆ. ಸುಮ್ಮನೆ ಕಾಗದಕ್ಕೆ ಗುರಿಯಿಡುತ್ತೇನೆ, ಯಾರಿಗೂ ನೋವು ಮಾಡುವುದಿಲ್ಲ ಎನ್ನುವ ಸಾಧುವಿನ ಮೇಲೆ ಸರ್ಕಾರಕ್ಕೆ ಅನುಮಾನ. ಇಲ್ಲ ಸ್ವಾಮಿ, ನಾನು ಜೀವ ತೆಗೆಯಲೆಂದೇ ಹೊರಟವಳು ಎಂದು ಪರವಾನಗಿ ಪಡೆದರೆ, ಹಾಗಾದರೆ ನೀವು ನಂಬಿಕಸ್ಥರು, ತೆಗೆದುಕೊಳ್ಳಿ. ಈ ತರ್ಕವನ್ನು ಯಾವುದಾದರೂ ಚರ್ಚಾಸ್ಪರ್ಧೆಯಲ್ಲಿ ಮಂಡಿಸಿದ್ದರೆ ಗಂಟೆ ಬಾರಿಸಿ ಇಳಿಸುತ್ತಿದ್ದರು. ನಾನು ಬೈದುಕೊಂಡೇ ಬೇಟೆಗಾರರ ತರಗತಿಗೆ ಹೋದೆ, ಪರೀಕ್ಷೆ ಪಾಸು ಮಾಡಿದೆ, ಲೈಸೆನ್ಸ್ ಪಡೆದೆ.

ಇನ್ನು ಉಳಿದದ್ದು ಗುಂಡು ಆರಿಸುವುದು. ಅದಕ್ಕೆ ದಕ್ಷಿಣದ ಕಮ್ಮಿಂಗ್ ಎಂಬ ಊರಿನಲ್ಲಿರುವ ಚಿಕ್ಕಪ್ಪನ ಮನೆಗೇ ಹೋಗಿ ಕೇಳಿದೆ. ಅದೊಂದು ಮೂರ್ಖತನ.

ಚಿಕ್ಕಪ್ಪ ಅಂದರೆ ಅಪ್ಪನ ತಮ್ಮ ಸುಧೀರ. ಸಾಫ್ಟ್‌ವೇರಿನಲ್ಲಿ ಆರ್ಕಿಟೆಕ್ಟು, ಈಗ ಇಲ್ಲಿನ ನಾಗರಿಕ. ಕೊರೋನಾ ಬಂದ ವರ್ಷ ಊರಿನವರೆಲ್ಲ ಟಾಯ್ಲೆಟ್ ಪೇಪರಿಗೂ ಬಂದೂಕಿಗೂ ಒಂದೇ ಉಸಿರಿನಲ್ಲಿ ಓಡಿದಾಗ ಚಿಕ್ಕಪ್ಪನೂ ಒಂದು ಟ್ವೆಂಟಿಟು ರೈಫಲ್ ತಂದ. ಒಂದು ಹುಳುವನ್ನೂ ಹೊಡೆದವನಲ್ಲ. ಆದರೆ ಗುಂಡಿನ ತೂಕದ ಬಗ್ಗೆ ಆತ ಮಾತಾಡಲು ಶುರುಮಾಡಿದರೆ ಕಾಫಿ ಆರಿ, ಮತ್ತೆ ಬಿಸಿಯಾಗಿ, ಮತ್ತೆ ಆರುತ್ತಿತ್ತು. ಮೂವತ್ತೆರಡು ಗ್ರೇನಿನದು ಹಗುರ, ಗಾಳಿಯಂತೆ ಹೋಗುತ್ತದೆ. ಮೂವತ್ತಾರರದು ಮೂತಿಯಲ್ಲಿ ಗುಳಿಯಿರುವುದು, ತಾಗಿದ ಮೇಲೆ ಅರಳುತ್ತದೆ. ನಲವತ್ತು ಹಳೆಯ ಕಾಲದ್ದು. ಅರವತ್ತು ಎಂಬ ಮಹಾಭಾರದ್ದೂ ಒಂದಿದೆ.

"ನೋಡು ಮೇಧಾ, ಫಿಸಿಕ್ಸ್ ತುಂಬಾ ಸಿಂಪಲ್" ಎಂದ. "ಎನರ್ಜೀಲಿ ಸ್ಪೀಡ್ ಸ್ಕ್ವೇರ್ ಆಗತ್ತೆ, ವೆಯ್ಟ್ ಆಗಲ್ಲ. ಸೋ ಲೈಟ್ ಬುಲೆಟ್ ತಗೊ. ಅಷ್ಟೇ. ಇದ್ರಲ್ಲಿ ಆರ್ಗ್ಯುಮೆಂಟೇ ಇಲ್ಲ."

ಆರ್ಗ್ಯುಮೆಂಟೇ ಇಲ್ಲ ಎಂದು ಯಾರಾದರೂ ಅಂದರೆ ನನ್ನ ಕಿವಿ ನಿಮಿರುತ್ತದೆ. ಆ ವೇಗ ನಳಿಕೆಯ ಬಾಯಲ್ಲಿ ಅಳೆದದ್ದಲ್ಲವೇ, ಮರದ ಹತ್ತಿರ ಅಲ್ಲವಲ್ಲ ಎಂದೆ. ಹಗುರವಾದದ್ದು ಗಾಳಿಯಲ್ಲಿ ಬೇಗ ಸೊರಗುವುದಿಲ್ಲವೇ ಎಂದೆ. ಅಳಿಲಿನ ತಲೆ ಎಷ್ಟಿರುತ್ತದೆ, ಅದಕ್ಕೆ ಇವುಗಳಲ್ಲಿ ಯಾವ ಗುಂಡಿನ ಶಕ್ತಿ ಸಾಲುವುದಿಲ್ಲ ಹೇಳು ಎಂದೆ. ಚಿಕ್ಕಪ್ಪ ಲ್ಯಾಪ್‌ಟಾಪ್ ತೆರೆದು ತನ್ನ ಕೋಷ್ಟಕ ತೋರಿಸಿದ. ವೇಗಕ್ಕೆ ಇಷ್ಟು ಅಂಕ, ಶಕ್ತಿಗೆ ಇಷ್ಟು ಅಂಕ, ಮೂವತ್ತೆರಡು ಗ್ರೇನಿನದು ಪ್ರಥಮ ದರ್ಜೆಯಲ್ಲಿ ಪಾಸು. ಇದನ್ನು ಯಾವಾಗ ಮಾಡಿದೆ ಎಂದು ಕೇಳಿದೆ. ಆಗ ಅಡುಗೆಮನೆಯಿಂದ ಚಿಕ್ಕಮ್ಮ ಬಾಯಿ ಹಾಕಿದಳು. ಆ ವರ್ಷ ಅಂಗಡಿಗಳಲ್ಲಿ ತೋಟಾಗೆ ಬರಗಾಲವಂತೆ, ಶೆಲ್ಫೆಲ್ಲ ಖಾಲಿಯಂತೆ, ಮೂಲೆಯಲ್ಲಿ ಯಾರೂ ಮುಟ್ಟದೆ ಉಳಿದಿದ್ದ ಮೂವತ್ತೆರಡರ ಡಬ್ಬಿಗಳನ್ನೂ ಒಂದು ಅರವತ್ತರ ಡಬ್ಬಿಯನ್ನೂ ಬಾಚಿಕೊಂಡು ಬಂದನಂತೆ. ಕೋಷ್ಟಕ ಮಾಡಿದ್ದು ಅದಾದ ಮರುವಾರ.

ಓದುಗರೇ, ಇದನ್ನು ನಾನು ಇನ್ನೂ ಜೀರ್ಣಿಸಿಕೊಂಡಿಲ್ಲ. ಮೊದಲು ಖರೀದಿ, ಆಮೇಲೆ ಫಿಸಿಕ್ಸು. ನಮ್ಮವರು ಮನೆ ಕೊಳ್ಳುವುದೂ ಹೀಗೇ, ಆಮೇಲೆ ವಾಸ್ತು ಸರಿಯಿದೆ ಎಂದು ಕಂಡುಹಿಡಿಯುತ್ತಾರೆ. ಸಿಕ್ಕಿದ್ದೇ ಇದು, ಬೇರೇನೂ ಇರಲಿಲ್ಲ ಎಂದು ಒಂದು ಸಾಲು ಹೇಳಿದ್ದರೆ ನಾನು ಚಿಕ್ಕಪ್ಪನ ಕಾಲು ಮುಟ್ಟುತ್ತಿದ್ದೆ.

ಬೇರೆ ತೂಕದ್ದನ್ನೂ ನೋಡೋಣವೆಂದು ಇಬ್ಬರೂ ಹೆದ್ದಾರಿಯ ಪಕ್ಕದ ಬಂದೂಕಿನ ಅಂಗಡಿಗೆ ಹೋದೆವು. ಕೇಳಿದವಳು ನಾನು, ಉತ್ತರ ಹೋದದ್ದು ಚಿಕ್ಕಪ್ಪನಿಗೆ. ಅಳಿಲಿಗೆ ಯಾವ ತೂಕ ಒಳ್ಳೆಯದು ಎಂದು ನಾನು ಕೇಳುತ್ತೇನೆ, ಅಂಗಡಿಯವನು ಚಿಕ್ಕಪ್ಪನ ಮುಖ ನೋಡಿ, ಇವರಿಗಾದರೆ ಹಗುರವಾದದ್ದೇ ಇರಲಿ, ಭುಜಕ್ಕೆ ಒದೆಯುವುದಿಲ್ಲ ಎನ್ನುತ್ತಾನೆ. ಟ್ವೆಂಟಿಟು ಒದೆಯುವುದೇ? ಅದಕ್ಕಿಂತ ನಮ್ಮ ಅಮ್ಮನ ಸಾಸಿವೆ ಒಗ್ಗರಣೆ ಜೋರಾಗಿ ಒದೆಯುತ್ತದೆ. ಚಿಕ್ಕಪ್ಪ ಆತನ ಮಾತಿಗೆ ಗಂಭೀರವಾಗಿ ತಲೆಯಾಡಿಸಿದ, ತನ್ನ ಕೋಷ್ಟಕಕ್ಕೆ ಹೊರಗಿನ ಸಾಕ್ಷಿ ಸಿಕ್ಕಂತೆ. ನಾನು ಹಠಕ್ಕೆ ಬಿದ್ದು ಮೂವತ್ತಾರರದೊಂದು, ನಲವತ್ತರ ನಿಧಾನದ್ದೊಂದು ಡಬ್ಬಿ ತೆಗೆದುಕೊಂಡೆ. ನಿಧಾನದ್ದು ಎಂದರೆ ಸದ್ದಿನ ವೇಗಕ್ಕಿಂತ ಸ್ವಲ್ಪ ಕೆಳಗೇ ಹೋಗುವುದು. ಬಿಲ್ ಮಾಡುವಾಗಲೂ ಆತ ಚೀಲವನ್ನು ಚಿಕ್ಕಪ್ಪನ ಕೈಗೇ ಕೊಟ್ಟ.

ಬೇಟೆ ನಡೆಯಬೇಕಿದ್ದದ್ದು ಸೌತ್ ಕ್ಯಾರೊಲಿನಾದಲ್ಲಿ, ಕಮ್ಮಿಂಗಿನಿಂದ ಎರಡು ಗಂಟೆಯ ದಾರಿ. ಅಲ್ಲಿ ಡಾಕ್ಟರ್ ಗಂಗಕ್ಕನ ಮನೆ, ಮನೆಯ ಹಿಂದೆ ಓಕ್ ಮತ್ತು ಹಿಕರಿ ಮರಗಳ ಅವರದೇ ಕಾಡು. ಗಂಗಕ್ಕ ಗೋಕಾಕದ ಕಡೆಯವರು, ಆಪರೇಷನ್ನಿನ ಮುಂಚೆ ಅರಿವಳಿಕೆ ಕೊಡುವ ವೈದ್ಯೆ, ಚಿಕ್ಕಮ್ಮನಿಗೆ ಕನ್ನಡ ಕೂಟದ ಗೆಳತಿ. ಪ್ರತಿ ಚಳಿಗಾಲವೂ ತಮ್ಮ ಕಾಡಿನಲ್ಲಿ ಅಳಿಲು ಹೊಡೆದು ಅಡುಗೆ ಮಾಡುವ ಏಕೈಕ ಕನ್ನಡತಿ. ನನ್ನ ಪ್ರತಿಜ್ಞೆಯನ್ನು ಚಿಕ್ಕಮ್ಮ ಫೋನಿನಲ್ಲಿ ಅವರಿಗೆ ಹೇಳಿಬಿಟ್ಟಿದ್ದಳು. ನಾನು ಕಾರಿನಿಂದ ಇಳಿಯುವಷ್ಟರಲ್ಲೇ, "ಬರ್ರಿ ವಕೀಲ್ರ, ನಿಮ್ಮ ಕೇಸ್ ಏನಂತ ಗೊತ್ತೈತಿ" ಎಂದರು.

ನನ್ನ ಸಿಟ್ಟನ್ನೆಲ್ಲ ಅವರ ಮುಂದೆ ಸುರಿದೆ. ಅವರು ಚಹಾ ಸೋಸುತ್ತ ಕೇಳಿಸಿಕೊಂಡರು. ಯಾವ ತೂಕವೂ ಸರಿ ಎನ್ನಲಿಲ್ಲ, ತಪ್ಪೂ ಎನ್ನಲಿಲ್ಲ. ಅದರಿಂದ ನನಗೆ ಇನ್ನಷ್ಟು ಸಿಟ್ಟು ಬಂತು. ಆಮೇಲೆ ತಮ್ಮ ರೈಫಲ್ಲನ್ನೂ, ಚಿಕ್ಕಪ್ಪ ಕೊಟ್ಟು ಕಳುಹಿಸಿದ್ದ ಡಬ್ಬಿಗಳನ್ನೂ, ನನ್ನ ಡಬ್ಬಿಗಳನ್ನೂ ಎತ್ತಿಕೊಂಡು ಮನೆಯ ಹಿಂದಿನ ಮಣ್ಣಿನ ದಿಬ್ಬದ ಹತ್ತಿರ ನಡೆದರು. ಐವತ್ತು ಗಜ ದೂರದಲ್ಲಿ ಬಿಳಿ ಕಾಗದ. ಮೇಜಿನ ಮೇಲೆ ಅಕ್ಕಿ ತುಂಬಿದ ಹಳೆಯ ದಿಂಬಿನ ಚೀಲ, ಅದರ ಮೇಲೆ ರೈಫಲ್. ಒಂದೊಂದು ಡಬ್ಬಿಗೆ ಒಂದೊಂದು ಕಾಗದ ಎಂದರು.

ಮೂವತ್ತೆರಡು ಗ್ರೇನಿನ ಚಿಕ್ಕಪ್ಪನ ಪ್ರಥಮ ದರ್ಜೆ ಕಾಗದದ ತುಂಬ ಚೆಲ್ಲಿಕೊಂಡಿತ್ತು, ಮಕ್ಕಳು ಬೂಂದಿ ಎರಚಿದ ಹಾಗೆ. ಮೂವತ್ತಾರು ಪರವಾಗಿಲ್ಲ, ಆದರೆ ನಡುನಡುವೆ ಒಂದು ಅದರ ಪಾಡಿಗೆ ಅದು ಊರು ಬಿಟ್ಟು ಹೋಗುತ್ತಿತ್ತು. ಅರವತ್ತರ ಕಾಗದ ತಂದಾಗ ನಾನು ಕಣ್ಣುಜ್ಜಿಕೊಂಡೆ. ತೂತು ದುಂಡಗಿರಲಿಲ್ಲ, ಉದ್ದವಾಗಿತ್ತು. ಗುಂಡು ಮಲಗಿಕೊಂಡು ಕಾಗದಕ್ಕೆ ತಾಗಿತ್ತು. ನಳಿಕೆಯೊಳಗಿನ ತಿರುಪು ಅಷ್ಟು ಭಾರದ ಉದ್ದ ಗುಂಡನ್ನು ತಕ್ಕಷ್ಟು ಜೋರಾಗಿ ಗಿರಕಿ ಹೊಡೆಸುವುದಿಲ್ಲವಂತೆ, ಹಾಗಾಗಿ ಅದು ದಾರಿಯಲ್ಲಿ ಪಲ್ಟಿ ಹೊಡೆಯುತ್ತದಂತೆ. ಚಿಕ್ಕಪ್ಪ ಇದನ್ನು ಎಂದಾದರೂ ಕಾಗದಕ್ಕೆ ಹೊಡೆದು ನೋಡಿದ್ದನೇ? ಇಲ್ಲ. ಅವನ ಕೋಷ್ಟಕದಲ್ಲಿ ಇದಕ್ಕೆ ದ್ವಿತೀಯ ಸ್ಥಾನ.

ಕೊನೆಗೆ ನಲವತ್ತರದು, ನಿಧಾನದ್ದು. ಕಾಗದದಲ್ಲಿ ಒಂದೇ ತೂತು ಕಾಣಿಸಿತು, ಅಂಚು ಹರಿದ ಒಂದು ತೂತು. ಉಳಿದವು ತಪ್ಪಿದವು ಎಂದು ನಾನು ಮುಖ ಸಣ್ಣ ಮಾಡಿದೆ. ಗಂಗಕ್ಕ ಬೆರಳಿಟ್ಟು ತೋರಿಸಿದರು: ಎಲ್ಲವೂ ಅದರೊಳಗೇ ಹೋಗಿದ್ದವು.

ನಾನು ಗೆದ್ದವಳಂತೆ ಎದ್ದು ನಿಂತೆ. ಹಾಗಾದರೆ ನಲವತ್ತೇ ಸರಿ, ಚಿಕ್ಕಪ್ಪ ತಪ್ಪು, ಈಗಲೇ ಫೋನ್ ಮಾಡುತ್ತೇನೆ ಎಂದೆ.

"ಕುಂದರ" ಎಂದರು. "ನಲವತ್ತು ಸರಿ ಅಂತ ನಾ ಅಂದಿಲ್ಲ. ಈ ಬಂದೂಕಿಗೆ ಇದು ಒಗ್ಗತೈತಿ. ಪಕ್ಕದ ಮನ್ಯಾಂವನ ಬಂದೂಕಿಗೆ ಮೂವತ್ತಾರು ಒಗ್ಗತೈತಿ. ನಿಮ್ಮ ಚಿಕ್ಕಪ್ಪಂದು ಯಾರಿಗೆ ಗೊತ್ತು, ಆಂವ ಕೇಳೇ ಇಲ್ಲ ಅದಕ್ಕ."

ಇಷ್ಟು ಸರಳವಾದದ್ದನ್ನು ಇಷ್ಟು ದಿನ ಯಾರೂ ನನಗೆ ಏಕೆ ಹೇಳಲಿಲ್ಲ ಎಂದು ನನಗೆ ಸಿಟ್ಟು. ನಾನು ಚಿಕ್ಕವಳಿದ್ದಾಗ ಬೀದಿಯ ಹುಡುಗರು ದೊಡ್ಡ ಗೋಲಿ ಮೇಲೋ ಸಣ್ಣ ಗೋಲಿ ಮೇಲೋ ಎಂದು ಸಂಜೆಯವರೆಗೆ ಜಗಳವಾಡಿ, ಕತ್ತಲಾಯಿತೆಂದು ಒಂದು ಆಟವನ್ನೂ ಆಡದೆ ಮನೆಗೆ ಹೋಗುತ್ತಿದ್ದರು. ಆ ಹುಡುಗರೆಲ್ಲ ಈಗ ದೊಡ್ಡವರಾಗಿ ಅಮೆರಿಕಕ್ಕೆ ಬಂದಿದ್ದಾರೆ ಎಂದು ಕಾಣುತ್ತದೆ.

ಆ ದಿನವೆಲ್ಲ ಕಾಗದಕ್ಕೆ ಹೊಡೆದೆ. ಗಂಗಕ್ಕ ಕಾಗದದ ಮೇಲೆ ಅಡಿಕೆ ಗಾತ್ರದ ವೃತ್ತ ಬರೆದು, ಇದರೊಳಗೆ ಬೀಳದಿದ್ದರೆ ನಾಳೆ ಕಾಡಿಗೆ ಬರುವುದು ಬೇಡ ಎಂದರು. ನಾನು ವಾದಿಸಿದೆ. ಅಳಿಲಿನ ತಲೆ ಅಡಿಕೆಗಿಂತ ದೊಡ್ಡದು, ಸ್ವಲ್ಪ ರಿಯಾಯಿತಿ ಇರಲಿ ಎಂದೆ. ಅವರ ಧ್ವನಿ ಏರಲಿಲ್ಲ.

"ದವಾಖಾನ್ಯಾಗ ನಾ ಮಂದಿಗೆ ನಿದ್ದಿ ಬರಸ್ತೀನಿ ತಂಗಿ. ಅರ್ಧ ನಿದ್ದಿಗೆ ಚಾಕು ಹಾಕೂದಿಲ್ಲ. ಅಲ್ಲಿ ರಿಯಾಯಿತಿ ಕೊಡಲೇನು?"

ನಾನು ಮತ್ತೆ ಅಕ್ಕಿ ಚೀಲದ ಮುಂದೆ ಕೂತೆ. ಸಂಜೆಯ ಹೊತ್ತಿಗೆ ವೃತ್ತದೊಳಗೆ ಬೀಳತೊಡಗಿತು.

ಮರುದಿನ ಬೆಳಗ್ಗೆ ಹಿಕರಿ ಮರವೊಂದರ ಬುಡದಲ್ಲಿ ಕುಳಿತೆವು. ಎಲೆ ಉದುರಿದ ಕಾಡು. ನವೆಂಬರಿನ ಚಳಿಗೆ ನನ್ನ ಮೂಗು ಸೋರುತ್ತಿತ್ತು, ಎಳೆದುಕೊಂಡರೆ ಸದ್ದಾಗುತ್ತದೆ ಎಂದು ಹಾಗೇ ಬಿಟ್ಟಿದ್ದೆ. ಬೇಟೆಯ ಬಗ್ಗೆ ಬರೆಯುವವರು ಯಾರೂ ಈ ಮೂಗಿನ ವಿಚಾರ ಬರೆಯುವುದಿಲ್ಲ. ಮೊದಲನೆಯದು ಬಂತು, ಬೆನ್ನು ಮಾತ್ರ ಕಾಣುತ್ತಿತ್ತು, ಗಂಗಕ್ಕ ತಲೆ ಅಲ್ಲಾಡಿಸಿದರು. ಎರಡನೆಯದು ಕೊಂಬೆಯಿಂದ ಕೊಂಬೆಗೆ ಹಾರುತ್ತಲೇ ಹೋಯಿತು. ಮೂರನೆಯದು ಬೂದು ಬಣ್ಣದ ದಪ್ಪ ಗಂಡು, ಅಡ್ಡಕೊಂಬೆಯ ಮೇಲೆ ಕುಳಿತು ಎರಡು ಕೈಯಲ್ಲೂ ಕಾಯಿ ಹಿಡಿದು ಕೊರೆಯತೊಡಗಿತು. ಸಿಪ್ಪೆ ಕೆಳಗೆ ಎಲೆಗಳ ಮೇಲೆ ಪಟಪಟ ಬೀಳುತ್ತಿತ್ತು. ರೈಫಲ್ಲಿನ ದುರ್ಬೀನಿನಲ್ಲಿ ಅದರ ಮೀಸೆ ಕಾಣಿಸಿತು. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಒಂದು ವಾದವೂ ಇರಲಿಲ್ಲ, ಪರವೂ ಇಲ್ಲ, ವಿರೋಧವೂ ಇಲ್ಲ. ಅಡಿಕೆ ಗಾತ್ರದ ವೃತ್ತ ಮಾತ್ರ ಇತ್ತು. ಟ್ರಿಗರ್ ಒತ್ತಿದೆ.

ಅದು ಒದ್ದಾಡಲಿಲ್ಲ. ಮರದಿಂದ ಹಣ್ಣು ಕಳಚಿದಂತೆ ಬಿತ್ತು. ಹೋಗಿ ನೋಡಿದಾಗ ಕಚ್ಚಿದ ಕಾಯಿ ಇನ್ನೂ ಬಾಯಲ್ಲೇ ಇತ್ತು. ನಾನು ಅಳುತ್ತೇನೆಂದು ಗಂಗಕ್ಕ ಕಾದಿದ್ದರೆಂದು ಕಾಣುತ್ತದೆ. ನನಗೆ ಅಳು ಬರಲಿಲ್ಲ. ಬಿದ್ದಿದ್ದ ಖಾಲಿ ತೋಟಾವನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡದ್ದು ಆಗಲೇ ಇರಬೇಕು.

ಮಧ್ಯಾಹ್ನ ಊಟಕ್ಕೆ ಚಿಕ್ಕಪ್ಪ ಚಿಕ್ಕಮ್ಮ ಕಮ್ಮಿಂಗಿನಿಂದ ಬಂದರು. ಗಂಗಕ್ಕ ಒಣಕೊಬ್ಬರಿ, ಬೆಳ್ಳುಳ್ಳಿ, ತಮ್ಮೂರಿನ ಮಸಾಲೆ ಖಾರ ಹಾಕಿ ಕುಕ್ಕರಿನಲ್ಲಿ ಸಾರು ಮಾಡಿದ್ದರು. ಜೊತೆಗೆ ಜೋಳದ ರೊಟ್ಟಿ. ನಾನು ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದ್ದೆ, ನ್ಯಾಯಾಲಯದಲ್ಲಿ ಹರಡುವ ಹಾಗೆ. ಚಿಕ್ಕಪ್ಪ ಮೂವತ್ತೆರಡರ ಕಾಗದ ನೋಡಿ, ಗಾಳಿ ಇತ್ತೇನೋ ಎಂದ. ಅರವತ್ತರ ಉದ್ದ ತೂತು ನೋಡಿ, ಡಬ್ಬಿ ಹಳೆಯದಾಯಿತಲ್ಲ ಎಂದ. ನನಗೆ ಬಲೂನಿನ ಅಂಗಡಿ ನೆನಪಾಯಿತು. ಅಣ್ಣತಮ್ಮಂದಿರು ಒಂದೇ ಅಚ್ಚಿನವರು. ಆಮೇಲೆ ಗಂಗಕ್ಕ ಸಾರಿನ ಪಾತ್ರೆ ತಂದಿಟ್ಟರು.

ಚಿಕ್ಕಪ್ಪ ಗೋಡೆಯ ಕ್ಯಾಲೆಂಡರ್ ನೋಡಿದ.

"ಅಯ್ಯೋ, ಇವತ್ತು ಶನಿವಾರ ಅಲ್ವಾ. ಶನಿವಾರ ನಾನು ತಿನ್ನಲ್ಲ" ಎಂದ.

ಚಿಕ್ಕಪ್ಪನ ಮನೆಯ ಆಚಾರ ನಿಮಗೆ ಹೇಳಬೇಕು. ಅವರ ಮನೆಯೊಳಗೆ ಮಾಂಸ ಬೇಯುವುದಿಲ್ಲ. ಬೇಯುವುದು ಹಿತ್ತಲ ಕಡೆಯ ಮರದ ಜಗಲಿಯಲ್ಲಿ, ಅಂದರೆ ಡೆಕ್ಕಿನ ಮೇಲೆ, ಗ್ರಿಲ್ಲಿನಲ್ಲಿ. ಡೆಕ್ಕು ಮನೆಗೆ ಸೇರಿದ್ದಲ್ಲ ಎಂದು ಅವರ ನಂಬಿಕೆ. ಅದಕ್ಕೆ ಬೇರೆ ಇಕ್ಕಳ, ಬೇರೆ ತಟ್ಟೆ, ಅವುಗಳಿಗೆ ಗರಾಜಿನಲ್ಲಿ ಬೇರೆ ಶೆಲ್ಫು. ಒಳಗೆ ದೇವರು, ಹೊರಗೆ ಕೋಳಿ, ನಡುವೆ ಒಂದು ಗಾಜಿನ ಬಾಗಿಲು. ಆ ಡೆಕ್ಕಿನ ಮೇಲೆ ನನ್ನ ಪ್ರತಿಜ್ಞೆಗೆ ಮೊದಲು ಎಷ್ಟೋ ಶನಿವಾರಗಳಂದು ನಾನೇ ಕೋಳಿ ಕಾಲು ಕಡಿದಿದ್ದೇನೆ, ಚಿಕ್ಕಪ್ಪನೇ ಬಡಿಸಿ ತಾನೂ ತಿಂದಿದ್ದಾನೆ. ಇದನ್ನು ನಾನು ಎತ್ತಿ ಆಡಿದೆ. ಆಗ ಚಿಕ್ಕಮ್ಮ ಗಂಡನ ಪರವಾಗಿ ವಾದ ಬದಲಿಸಿದಳು. ಕೋಳಿ ಬೇರೆ, ಅಳಿಲು ಬೇರೆ ಎಂದಳು. ಸೇತುವೆಗೆ ಮರಳು ಹೊತ್ತದ್ದು, ದೇವರು ಬೆನ್ನು ಸವರಿದ್ದು, ಅದನ್ನು ತಿನ್ನುವುದೇ?

ನಾನು ಬಿಡುವವಳೇ. ಬೆನ್ನು ಸವರಿದ್ದಕ್ಕೆ ಮೂರು ಗೆರೆ ಸಾಕ್ಷಿ ತಾನೇ ಎಂದೆ. ಅಮೆರಿಕದ ಅಳಿಲಿನ ಬೆನ್ನಿನ ಮೇಲೆ ಒಂದು ಗೆರೆಯೂ ಇಲ್ಲ, ಅದು ಯಾವ ಸೇತುವೆಗೂ ಮರಳು ಹೊತ್ತದ್ದಲ್ಲ ಎಂದೆ.

"ಗೆರೆ ಇಲ್ದಿದ್ರೆ ಏನೇ" ಎಂದಳು ಚಿಕ್ಕಮ್ಮ, "ನೆಂಟ ತಾನೇ ಅದು."

ಗಂಗಕ್ಕ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಗುಂಡಿನ ತೂಕದ ಬಗ್ಗೆ ಇಷ್ಟು ಕಾಲ ಭಾಷಣ ಬಿಗಿದ ಮನುಷ್ಯ, ಆ ಗುಂಡು ಯಾಕೆ ಇರುವುದು ಎಂಬುದು ಪಾತ್ರೆಯಲ್ಲಿ ಎದುರಿಗೆ ಬಂದ ಕೂಡಲೇ ವಾರ ನೋಡುತ್ತಾನಲ್ಲ! ಸಾರು ಬೇಡ, ಅನ್ನಕ್ಕೆ ಬರೀ ಮೊಸರು ಸಾಕು ಎಂದ. ನಾನೂ ಗಂಗಕ್ಕನೂ ರೊಟ್ಟಿ ಮುರಿದು ತಿಂದೆವು. ರುಚಿ ಹೇಗಿತ್ತು ಎಂದರೆ, ಗಟ್ಟಿ, ಬಹಳ ಅಗಿಯಬೇಕು. ಅಷ್ಟು ಅಗಿಯುವಾಗ ಮಾತಾಡಲು ಆಗುವುದಿಲ್ಲ. ಬಹುಶಃ ಅದಕ್ಕೇ ಆ ಊಟ ಅಷ್ಟು ಶಾಂತವಾಗಿ ಮುಗಿಯಿತು.

ಮರುದಿನ ಭಾನುವಾರ ಕ್ಲಾರ್ಕ್ಸ್‌ಬರ್ಗಿಗೆ ಮರಳಿದವಳೇ ಅಮ್ಮನಿಗೆ ಫೋನ್ ಮಾಡಿದೆ. ಉತ್ತರ ಕೊಡಲು ಎಷ್ಟು ತಿಂಗಳಿಂದ ಕಾದಿದ್ದೆ! ಕಾನೂನಿನಿಂದ ಶುರುಮಾಡಿ ಚಿಕ್ಕಪ್ಪ, ಅಂಗಡಿಯವನು, ಕಾಗದಗಳು, ಅರವತ್ತರ ಉದ್ದ ತೂತು, ಶನಿವಾರ, ನೆಂಟ, ಎಲ್ಲವನ್ನೂ ಹೇಳಿದೆ. ಅಮ್ಮ ಬೀನ್ಸ್ ನಾರು ತೆಗೆಯುತ್ತ ಕೇಳಿದಳು. ಎಷ್ಟು ತೂಕ ಎಂದು ಕೇಳಲಿಲ್ಲ, ಎಷ್ಟು ವೇಗ ಎಂದು ಕೇಳಲಿಲ್ಲ.

"ಅದಕ್ಕೆ ಗೊತ್ತಾಯ್ತಾ?" ಎಂದಳು.

"ಇಲ್ಲಮ್ಮ. ಕಾಯಿ ಇನ್ನೂ ಬಾಯಲ್ಲೇ ಇತ್ತು."

ಅಮ್ಮ ಕೈಯಲ್ಲಿದ್ದ ಬೀನ್ಸನ್ನು ತಟ್ಟೆಗೆ ಹಾಕಿದಳು. ಆಮೇಲೆ ಸರಿ ಎಂದಳು. ಅಷ್ಟು ಯೋಚನೆ ಮಾಡಿ ಮಾಡಿದ್ದೀಯ, ಅದನ್ನು ತಿಂದದ್ದು ಸರಿ ಎಂದಳು. ನನ್ನ ಎದೆಯಲ್ಲಿ ಗೆಲುವಿನ ಗಂಟೆ ಹೊಡೆಯುತ್ತಿತ್ತು. ಪಾರಿತೋಷಕದಲ್ಲಿ ಬಟ್ಟೆ ಕ್ಲಿಪ್ಪು ಇಡುವವಳ ಬಾಯಿಂದ ಸರಿ ಎಂಬ ಮಾತು ಬಂದದ್ದು ಅದೇ ಮೊದಲು. ಇನ್ನು ಫ್ರೀಜರಿನ ಬಾಗಿಲು ತೆರೆಯಬಹುದು ಎಂದುಕೊಳ್ಳುತ್ತಿರುವಾಗ ಅಮ್ಮ ಮತ್ತೊಂದು ಬೀನ್ಸ್ ಮುರಿದಳು.

"ಆವತ್ತು ಪ್ಲಾಸ್ಟಿಕ್‌ನಲ್ಲಿ ಇತ್ತಲ್ಲ ಪುಟ್ಟಿ, ಗುಲಾಬಿ ಬಣ್ಣದ್ದು. ಅದಕ್ಕೆ ಗೊತ್ತಾಯ್ತಾ ಅಂತ ಯಾರನ್ನ ಕೇಳ್ತೀಯಾ?"

ಈ ಸಲ ನೆಟ್‌ವರ್ಕ್ ಚೆನ್ನಾಗಿತ್ತು. ಅಮ್ಮನ ಹಿಂದಿನ ಗಡಿಯಾರದ ಸದ್ದೂ ಕೇಳಿಸುತ್ತಿತ್ತು. ಅದೇ ನನಗೆ ಸಿಟ್ಟು.

ಅದಾದ ಮುಂದಿನ ಭಾನುವಾರ ಒಗೆದು ಸ್ವಚ್ಛವಾದ ತೋಟಾ ಈಗ ನನ್ನ ಮೇಜಿನ ಮೇಲಿದೆ. ಪೊಟ್ಟಣ ಫ್ರೀಜರಿನಲ್ಲೇ ಇದೆ, ಬಟಾಣಿ ಚೀಲದ ಕೆಳಗೆ, ಮೇಲೆಲ್ಲ ಮಂಜು ಕಟ್ಟಿ ಬಣ್ಣವೂ ಕಾಣುತ್ತಿಲ್ಲ. ಬೇಯಿಸಿದರೆ ಅಮ್ಮನಿಗೆ ಉತ್ತರ ಕೊಡಬೇಕು. ಎಸೆದರೆ ಅದೇ ಉತ್ತರವಾಗುತ್ತದೆ.